ಕ್ರಾಬಿ ಕಡಲಿಗೆ ಆರು ಜನ: ಎಂತ ಮಾಡಬಹುದು, ಎಂತ ಬೇಡ?

ಕೇಳಿದವರು, ಉಡುಪಿ ಕುಂಜಿಬೆಟ್ಟಿನಿಂದ:

ಡಿಸೆಂಬರ್ ಕೊನೆಯ ವಾರ ಮನೆಯ ಆರು ಜನ ಥಾಯ್ಲೆಂಡಿನ ಕ್ರಾಬಿಗೆ ಹೊರಟಿದ್ದೇವೆ. ಆರು ರಾತ್ರಿ, ಆವೊ ನಾಂಗ್‌ನಲ್ಲಿ ರೂಮು. ಅಪ್ಪನಿಗೆ 72, ಬಿಪಿ ಮಾತ್ರೆ ಉಂಟು. ಅಮ್ಮನಿಗೆ 68, ಮೊಣಕಾಲು ನೋವು, ನೀರುಳ್ಳಿ-ಬೆಳ್ಳುಳ್ಳಿ ತಿನ್ನುವುದಿಲ್ಲ. ಮಕ್ಕಳಿಗೆ 11 ಮತ್ತು 6. ದೊಡ್ಡವನಿಗೆ ಮಾತ್ರ ಈಜು ಬರುತ್ತದೆ. ಉಳಿದವರು ಮಲ್ಪೆಯಲ್ಲಿ ಮೊಣಕಾಲುದ್ದ ನೀರು ದಾಟಿದವರಲ್ಲ. ದ್ವೀಪ, ಸ್ನಾರ್ಕೆಲ್ (ಮಾಸ್ಕ್, ಉಸಿರಿನ ಕೊಳವೆ ಹಾಕಿ ತೇಲುತ್ತಾ ನೀರೊಳಗೆ ನೋಡುವುದು), ದೋಣಿ ಇವುಗಳಲ್ಲಿ ನಮಗೆ ಆಗುವಂಥದ್ದು ಯಾವುದು? ಊರಿನಿಂದ ಎಂತ ಕಟ್ಟಿಕೊಂಡು ಹೋಗಬೇಕು?

ಮಲ್ಪೆಯಿಂದ, ದೋಣಿ ಕೆಲಸದವರು:

ತಿಂಗಳು ಸರಿಯಾದದ್ದನ್ನೇ ಆರಿಸಿದ್ದೀರಿ. ಕ್ರಾಬಿ, ಫುಕೆಟ್ ಎರಡೂ ಅಂಡಮಾನ್ ಕಡಲಿನ ಬದಿಗಿವೆ. ಅಲ್ಲಿಯೂ ನಮ್ಮ ಹಾಗೆ ನೈಋತ್ಯ ಮಳೆಗಾಲವೇ. ಮೇಯಿಂದ ಅಕ್ಟೋಬರ್ ತನಕ ಕಡಲು ಕೆಟ್ಟಿರುತ್ತದೆ, ಡಿಸೆಂಬರಿನಿಂದ ಏಪ್ರಿಲ್ ತನಕ ಶಾಂತ. ಅದೇ ದೇಶದ ಮೂಡು ಬದಿಯ ಕೊ ಸಮುಯಿಯಲ್ಲಿ ಅಕ್ಟೋಬರಿನಿಂದ ಡಿಸೆಂಬರ್ ತನಕ ಮಳೆ. ದರ ಕಡಿಮೆ ಅಂತ ಅಲ್ಲಿಗೆ ಬದಲಾಯಿಸಬೇಡಿ.

ಮಲ್ಪೆ ನೋಡಿದ ಕಣ್ಣಿಗೆ ಅಲ್ಲಿ ಲೆಕ್ಕ ತಪ್ಪುವುದು ತೆರೆಯಲ್ಲಿ ಅಲ್ಲ, ಭರತ-ಇಳಿತದಲ್ಲಿ. ನಮ್ಮಲ್ಲಿ ನೀರು ಏರಿ ಇಳಿಯುವುದು ಹೆಚ್ಚೆಂದರೆ ಒಂದೂವರೆ ಮೀಟರ್ ಆಸುಪಾಸು. ಕ್ರಾಬಿಯಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಹೊತ್ತಿಗೆ ಎರಡು ಮೀಟರ್ ದಾಟುತ್ತದೆ, ದಡವೂ ಚಪ್ಪಟೆ. ಬೆಳಿಗ್ಗೆ ದೋಣಿ ನಿಂತಿದ್ದ ಜಾಗ ಮಧ್ಯಾಹ್ನಕ್ಕೆ ಕೆಸರು, ಕಲ್ಲು ಆಗಿರುತ್ತದೆ. ಆಗ ದೋಣಿ ದೂರದಲ್ಲೇ ನಿಲ್ಲುತ್ತದೆ, ಜನ ಕಲ್ಲಿನ ಮೇಲೆ ನಡೆದು ಹೋಗಿ ಹತ್ತಬೇಕು. ನಿಮ್ಮ ಅಮ್ಮನ ಮೊಣಕಾಲಿಗೆ ಎಲ್ಲಕ್ಕಿಂತ ಕಷ್ಟ ಇದು.

ಹಾಗಾಗಿ ಟೂರ್ ಬುಕ್ ಮಾಡುವ ಮೊದಲು ಗೋಡೆಯ ಪಂಚಾಂಗ ನೋಡಿ, ಆ ವಾರದ ತಿಥಿ ಬರೆದಿಟ್ಟುಕೊಳ್ಳಿ. ಅಷ್ಟಮಿಯ ಆಚೀಚೆ ಏರಿಳಿತ ಸಣ್ಣದು; ಹಿರಿಯರನ್ನು ದೋಣಿ ಹತ್ತಿಸುವ ದಿನ ಅದಾಗಿರಲಿ. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ಇಳಿತ ಆಳ. ತಾಲೆ ವೇಕ್ ನೋಡಲಿಕ್ಕೆ ಅದೇ ಒಳ್ಳೆಯದು. ನಾಲ್ಕು ದ್ವೀಪದ ಟೂರಿನಲ್ಲಿ ಕೊ ಟಪ್ ಹತ್ತಿರ ದ್ವೀಪದಿಂದ ದ್ವೀಪಕ್ಕೆ ಮರಳಿನ ದಾರಿ ಏಳುತ್ತದಲ್ಲ, ಅದೇ ಅದು. ಇಳಿತದ ಹೊತ್ತು ಬಿಟ್ಟರೆ ಕಾಣುವುದಿಲ್ಲ. ಗಂಟೆಗೆ ಮಾತ್ರ ಕ್ರಾಬಿಯದ್ದೇ ಭರತದ ಪಟ್ಟಿ ನೋಡಿ, ಮಂಗಳೂರಿನದ್ದು ಅಲ್ಲಿಗೆ ಹೊಂದುವುದಿಲ್ಲ. ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ ಎನ್ನುವ ನಮ್ಮ ಲೆಕ್ಕ ಮಾತ್ರ ಅಲ್ಲಿಗೂ ಸರಿ.

ಮಂಗಳೂರು ಬಿಜೈಯಿಂದ, ಪ್ರವಾಸ ಏರ್ಪಾಡು ಮಾಡುವವರು:

ಅಲ್ಲಿಯ ಲಾಂಗ್‌ಟೇಲ್ ಅಂದರೆ ಉದ್ದದ ಮರದ ದೋಣಿ. ಹಿಂದುಗಡೆ ತೆರೆದ ಎಂಜಿನ್, ಅದಕ್ಕೆ ಉದ್ದದ ಸರಳು, ಸರಳಿನ ತುದಿಯಲ್ಲಿ ಫ್ಯಾನ್. ಹತ್ತುವಾಗ ಇಳಿಯುವಾಗ ಮಕ್ಕಳನ್ನು ಹಿಂಬದಿಗೆ ಬಿಡಲೇಬೇಡಿ. ಕೂರುವುದು ನಡುವಿನಲ್ಲಿ. ಮುಂದೆ ಕೂತರೆ ನೆಗೆತ, ಹಿಂದೆ ಕೂತರೆ ಶಬ್ದ, ಹೊಗೆ.

ಆವೊ ನಾಂಗ್‌ನಿಂದ ರೈಲೇ ಕಿನಾರೆಗೆ ದೋಣಿಯಲ್ಲಿ 15 ನಿಮಿಷ. ರೈಲೇ ದ್ವೀಪವಲ್ಲ, ಆದರೆ ಸುಣ್ಣಕಲ್ಲಿನ ಗುಡ್ಡ ಅಡ್ಡ ಇರುವುದರಿಂದ ರಸ್ತೆ ಇಲ್ಲ. ಸಾಮಾನ್ಯವಾಗಿ ಎಂಟು ಜನ ಆದ ಮೇಲೆ ದೋಣಿ ಬಿಡುತ್ತಾರೆ. ನೀವು ಆರು ಜನ. ಇನ್ನೆರಡು ಸೀಟಿನ ಹಣ ಕೊಟ್ಟರೆ ಬಿಸಿಲಲ್ಲಿ ಕಾಯುವುದು ತಪ್ಪುತ್ತದೆ. ರೈಲೇ ಪಡು ಬದಿ ಈಜಲಿಕ್ಕೆ ಒಳ್ಳೆಯದು, ಮೂಡು ಬದಿ ಕಾಂಡ್ಲ ಕಾಡು ಮತ್ತು ಕೆಸರು. ಅಲ್ಲಿಂದ ಫ್ರಾ ನಾಂಗ್ ಕಿನಾರೆಗೆ ನಡೆದು ಹೋಗಬಹುದು. ದಾರಿಯಲ್ಲಿ ಮಂಗಗಳು ಉಂಟು. ಕೈಯಲ್ಲಿ ತಿಂಡಿಯ ಪ್ಲಾಸ್ಟಿಕ್ ಚೀಲ ಬೇಡ.

ನಾಲ್ಕು ದ್ವೀಪಕ್ಕೆ ಗುಂಪಿನ ಟೂರ್ ತೆಗೆದುಕೊಳ್ಳುವ ಬದಲು ಆರು ಜನಕ್ಕೇ ಒಂದು ಲಾಂಗ್‌ಟೇಲ್ ಅರ್ಧ ದಿನಕ್ಕೆ ಮಾತಾಡಿ. ಹಿರಿಯರಿಗೆ ಸಾಕಾದಾಗ ಹಿಂದೆ ಬರಬಹುದು, ಹೊರಡುವ ಹೊತ್ತನ್ನು ಭರತ ನೋಡಿ ನೀವೇ ಇಡಬಹುದು. ಮೂರು ಪ್ರಶ್ನೆ ಮೊದಲೇ ಕೇಳಿ: ಆರು ವರ್ಷದ ಮಗುವಿನ ಅಳತೆಯ ಲೈಫ್ ಜಾಕೆಟ್ ಉಂಟೇ? ದೋಣಿಗೆ ಏಣಿ ಉಂಟೇ? ರಾಷ್ಟ್ರೀಯ ಉದ್ಯಾನದ ಶುಲ್ಕ ಸೇರಿದೆಯೇ? ಪೀಪೀ ದ್ವೀಪಗಳ ಕಡೆಯ ಉದ್ಯಾನಕ್ಕೆ ವಿದೇಶಿಯರಿಗೆ 400 ಬಾತ್, ಮಕ್ಕಳಿಗೆ 200. ಸೇರಿಲ್ಲದಿದ್ದರೆ ಆರು ಜನಕ್ಕೆ 2,000 ಬಾತ್ ಅಲ್ಲೇ ನಿಂತು ಕೊಡಬೇಕು.

ಕೇಳಿದವರು:

ಪೀಪೀಗೆ ಸ್ಪೀಡ್‌ಬೋಟಿನಲ್ಲಿ ಹೋಗುವ ಆಸೆ ಮಕ್ಕಳಿಗೆ. ಹಿರಿಯರಿಗೆ ಆಗಬಹುದೇ?

ಮಲ್ಪೆಯಿಂದ:

ಸ್ಪೀಡ್‌ಬೋಟ್ ಬೇಡ. ತೆರೆ ಸಣ್ಣದಿದ್ದರೂ ವೇಗಕ್ಕೆ ದೋಣಿ ಎದ್ದು ಬಡಿಯುತ್ತದೆ, ಬಡಿದದ್ದು ನೇರ ಸೊಂಟಕ್ಕೆ. ಬೆನ್ನುನೋವು ಇರುವವರು, ಬಸುರಿಯರು, ವಯಸ್ಸಾದವರು ಕೂರಬಾರದು. ಹೋಗಲೇಬೇಕಾದರೆ ಹಿಂದಿನ ಸೀಟು. ಕ್ರಾಬಿ ಪಟ್ಟಣದ ಕ್ಲೋಂಗ್ ಜಿಲಾಡ್ ಜೆಟ್ಟಿಯಿಂದ ದೊಡ್ಡ ಫೆರ್ರಿ ಹೋಗುತ್ತದೆ, ಸುಮಾರು ಒಂದೂವರೆ ಗಂಟೆ. ಕೂತು, ನಿಂತು, ಶೌಚಕ್ಕೆ ಹೋಗಿ ಆರಾಮಾಗಿ ತಲುಪಬಹುದು.

ಬಿಜೈಯಿಂದ:

ಒಂದು ಸೇರಿಸುತ್ತೇನೆ. ಪೀಪೀ ಅಂದರೆ ಎಲ್ಲರ ಮನಸ್ಸಿನಲ್ಲಿ ಮಾಯಾ ಬೇ. ಹವಳ ಹಾಳಾಯಿತೆಂದು 2018ರಲ್ಲಿ ಮುಚ್ಚಿ, 2022ರಲ್ಲಿ ತೆರೆದರು. ಈಗ ಅಲ್ಲಿ ಈಜಲಿಕ್ಕೆ ಬಿಡುವುದಿಲ್ಲ. ದೋಣಿ ಮುಂದಿನಿಂದ ಒಳಗೆ ಬರುವಂತಿಲ್ಲ. ಹಿಂಬದಿಯ ಲೋ ಸಮಾ ಕೊಲ್ಲಿಯಲ್ಲಿ ಇಳಿದು ನಡೆದು ಬರಬೇಕು. ಡಿಸೆಂಬರ್ ಕೊನೆಯ ವಾರ ಜನಜಂಗುಳಿಯೂ ಹೆಚ್ಚು. ಹಿರಿಯರು ಮತ್ತು ಆರರ ಮಗು ಇರುವಾಗ ನನ್ನ ಮತ ಹಾಂಗ್ ದ್ವೀಪದ ಕಡೆಗೆ. ಹತ್ತಿರ, ಶಾಂತ, ನೆರಳೂ ಉಂಟು. ಅಪ್ಪ-ಅಮ್ಮನಿಗೆ ಒಂದು ದಿನ ಕಡಲೇ ಬೇಡ. ಒಳನಾಡಿನ ಕ್ಲೋಂಗ್ ತೋಮ್‌ನ ಬಿಸಿನೀರ ಬುಗ್ಗೆಗೆ ಕಾರಿನಲ್ಲಿ ಕರೆದುಕೊಂಡು ಹೋಗಿ. ಆದರೆ ಬಿಪಿ ಮಾತ್ರೆ ತೆಗೆದುಕೊಳ್ಳುವವರು ಬಿಸಿನೀರಲ್ಲಿ ತುಂಬ ಹೊತ್ತು ಕೂರಬಾರದು. ಏಳುವಾಗ ತಲೆ ತಿರುಗುತ್ತದೆ, ಕೈ ಹಿಡಿದುಕೊಳ್ಳಿ.

ಮಂಗಳೂರು ಲೇಡಿಹಿಲ್‌ನಿಂದ, ಈಜು ಕಲಿಸುವವರು:

ಸ್ನಾರ್ಕೆಲ್ ಬಗ್ಗೆ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಈಜು ಬಾರದವರಿಗೂ ಇದು ಆಗುತ್ತದೆ. ಕೆಡುವುದೆಲ್ಲ ಮಾಸ್ಕಿನಲ್ಲಿ.

ಮಾಸ್ಕಿನ ಪಟ್ಟಿ ಹಾಕದೆ ಬರೀ ಗಾಜಿನ ಭಾಗವನ್ನು ಮುಖಕ್ಕೆ ಇಟ್ಟು, ಮೂಗಿನಿಂದ ಮೆಲ್ಲಗೆ ಉಸಿರು ಎಳೆದು ಕೈ ಬಿಡಿ. ಅಂಟಿಕೊಂಡು ನಿಂತರೆ ಅಳತೆ ಸರಿ. ಬಿದ್ದರೆ ಬೇರೆ ಮಾಸ್ಕ್ ಕೇಳಿ. ಪಟ್ಟಿ ಬಿಗಿ ಮಾಡಿ ಸರಿಪಡಿಸಲಿಕ್ಕೆ ಹೋಗಬೇಡಿ, ಬಿಗಿ ಹೆಚ್ಚಾದರೆ ಅಂಚು ಮಡಚಿ ನೀರು ಇನ್ನೂ ಬೇಗ ಒಳಗೆ ಬರುತ್ತದೆ. ಅಂಚಿನಡಿ ಒಂದು ಕೂದಲು ಸಿಕ್ಕಿದರೂ ಸೋರುತ್ತದೆ. ಹೆಂಗಸರು ಹಣೆಯ ಕೂದಲನ್ನು ಪೂರ್ತಿ ಹಿಂದೆ ಕಟ್ಟಿಕೊಳ್ಳಬೇಕು. ಮೀಸೆ ಇರುವವರಿಗೆ ಮೂಗಿನ ಕೆಳಗೆ ಸ್ವಲ್ಪ ಸೋರುವುದು ಸಹಜ. ಮಂಜು ಕಟ್ಟದ ಹಾಗೆ ಗಾಜಿನ ಒಳಬದಿಗೆ ಒಂದು ಹನಿ ಬೇಬಿ ಶಾಂಪೂ ಸವರಿ, ಒಮ್ಮೆ ಮಾತ್ರ ನೀರಲ್ಲಿ ಅದ್ದಿ ತೆಗೆಯಿರಿ. ಉಜ್ಜಿ ತೊಳೆದರೆ ಶಾಂಪೂ ಹೋಗಿ ಮಂಜು ಮತ್ತೆ ಬರುತ್ತದೆ.

ಮೂರು ಅಭ್ಯಾಸ ಊರಿನಲ್ಲೇ ಮುಗಿಸಿ. ಲೇಡಿಹಿಲ್‌ನ ಮಂಗಳಾ ಕೊಳ ಆಗಬಹುದು, ನಿಮಗೆ ಹತ್ತಿರದ ಅಜ್ಜರಕಾಡು ಆಗಬಹುದು. ಎದೆಯುದ್ದ ನೀರಲ್ಲಿ ನಿಂತೇ ಮಾಡಿ. ಒಂದು, ಮುಖ ನೀರಲ್ಲಿಟ್ಟು ಬಾಯಿಯಿಂದ ಮಾತ್ರ ಎರಡು ನಿಮಿಷ ಉಸಿರಾಡುವುದು. ಎಳೆಯುವುದು, ಬಿಡುವುದು ಎರಡೂ ನಿಧಾನ. ಎರಡು, ಮಾಸ್ಕಿಗೆ ನೀರು ಬಂದರೆ ಮೇಲಂಚನ್ನು ಹಣೆಗೆ ಒತ್ತಿ ಹಿಡಿದು, ಮುಖ ಸ್ವಲ್ಪ ಮೇಲೆತ್ತಿ, ಮೂಗಿನಿಂದ ಊದುವುದು. ನೀರು ಕೆಳಗಿನಿಂದ ಹೊರಗೆ ಹೋಗುತ್ತದೆ. ಮೂರು, ಕೊಳವೆಗೆ ನೀರು ಹೊಕ್ಕರೆ ‘ತೂ’ ಅಂತ ಒಂದೇ ಸಲ ಜೋರಾಗಿ ಊದುವುದು. ಈ ಮೂರು ಬರದೆ ದೋಣಿಯಿಂದ ಹಾರಿದವರು ಮೊದಲ ಗುಟುಕು ಉಪ್ಪುನೀರಿಗೇ ಗಾಬರಿಯಾಗಿ ಮಾಸ್ಕ್ ಕಿತ್ತು ಎಸೆಯುತ್ತಾರೆ. ಅಪಾಯ ಶುರುವಾಗುವುದು ಅಲ್ಲಿಂದ.

ಚಿಕ್ಕವಳಿಗೆ ಗಾಳಿ ತುಂಬಿದ ಕೈಪಟ್ಟಿ, ಬಾತುಕೋಳಿ ಟ್ಯೂಬ್ ಆಟದ ಸಾಮಾನು ಮಾತ್ರ, ಜೀವ ಕಾಯುವ ಸಾಮಾನಲ್ಲ. ಲೈಫ್ ಜಾಕೆಟ್ ತೂಕ ನೋಡಿ ತೆಗೆದುಕೊಳ್ಳಬೇಕು, ತೊಡೆಯ ನಡುವಿನ ಪಟ್ಟಿ ಇರಲೇಬೇಕು. ಹಾಕಿದ ಮೇಲೆ ಭುಜದ ಪಟ್ಟಿ ಹಿಡಿದು ಮೇಲೆ ಎತ್ತಿ ನೋಡಿ. ಜಾಕೆಟ್ ಕಿವಿಯ ತನಕ ಏರಿದರೆ ಅಳತೆ ದೊಡ್ಡದು. ನೀರಲ್ಲಿ ಮಗು ಅದರಿಂದ ಜಾರುತ್ತದೆ. ಸಿಗುವ ಖಾತ್ರಿ ಇಲ್ಲದಿದ್ದರೆ ಅವಳದ್ದು ಒಂದು ಇಲ್ಲಿಂದಲೇ ಕೊಂಡುಹೋಗಿ. ಮತ್ತೆ, ಜಾಕೆಟ್ ಇದ್ದರೂ ಒಬ್ಬ ದೊಡ್ಡವರ ಕೈ ಚಾಚಿದಷ್ಟು ದೂರದಲ್ಲೇ ಅವಳು ಇರಬೇಕು. ಈಜು ಕೊಳದಲ್ಲಿ ಕಲಿತ 11ರ ಹುಡುಗನೂ ದೋಣಿಯಿಂದ ಇಳಿಯುವಾಗ ಜಾಕೆಟ್ ಹಾಕಬೇಕು. ಕೊಳದಲ್ಲಿ ಹಿಡಿದುಕೊಳ್ಳಲಿಕ್ಕೆ ಅಂಚು ಉಂಟು, ಕಡಲಲ್ಲಿ ಇಲ್ಲ.

ಕನ್ನಡಕದವರಿಗೆ ಪವರ್ ಇರುವ ಮಾಸ್ಕ್ ಸಿಗುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಹಾಕಿ ನೀರಿಗೆ ಇಳಿಯಬೇಡಿ, ಕಣ್ಣಿಗೆ ಸೋಂಕು ಬರುತ್ತದೆ. ಅಪ್ಪನವರು ಸ್ನಾರ್ಕೆಲ್ ಮಾಡುವುದಿದ್ದರೆ ತಮ್ಮ ವೈದ್ಯರನ್ನು ಕೇಳಿಯೇ ಮಾಡಲಿ.

ಪಣಂಬೂರಿನಿಂದ:

ಬಾವುಟ ಕಲಿಸಿ ಮಕ್ಕಳಿಗೆ. ಕೆಂಪು ಅಂದರೆ ಇಳಿಯಬಾರದು. ಮೇಲೆ ಕೆಂಪು, ಕೆಳಗೆ ಹಳದಿ ಇರುವ ಎರಡು ಬಾವುಟಗಳ ನಡುವೆ ಜೀವರಕ್ಷಕರ ಕಣ್ಣು ಇರುತ್ತದೆ, ಅಲ್ಲೇ ಆಡಬೇಕು. ನೇರಳೆ ಬಾವುಟ ಕಂಡರೆ ನೀರಲ್ಲಿ ಕುಟುಕುವ ಜೀವಿ ಉಂಟು ಅಂತ ಅರ್ಥ.

ಸೆಳೆತ ಡಿಸೆಂಬರಿನಲ್ಲಿ ಅಲ್ಲಿ ಕಡಿಮೆ, ಆದರೂ ಗುರುತು ಗೊತ್ತಿರಲಿ. ಸಾಲಾಗಿ ಬಿಳಿ ನೊರೆ ಒಡೆಯುತ್ತಿರುವಾಗ ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ತೆರೆ ಒಡೆಯದೆ ನೀರು ಕಪ್ಪಾಗಿ, ನೊರೆ ಹೊರಗೆ ಹೋಗುತ್ತಿರುವ ಹಾಗೆ ಕಾಣುತ್ತದೆ. ಅರಿಯದವರು ‘ಇಲ್ಲಿ ತೆರೆ ಇಲ್ಲ, ಶಾಂತ’ ಅಂತ ಅಲ್ಲೇ ಇಳಿಯುತ್ತಾರೆ. ನೀರು ವಾಪಸು ಹೋಗುವ ದಾರಿಯೇ ಅದು. ಸಿಕ್ಕಿಬಿದ್ದರೆ ದಡಕ್ಕೆ ಎದುರು ಈಜಬಾರದು. ತೇಲುತ್ತಾ ಕೈ ಎತ್ತಿ ಕರೆಯಬೇಕು, ಈಜು ಬರುವವರು ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಹೋಗಬೇಕು.

ಇನ್ನೊಂದು. 2004ರ ಡಿಸೆಂಬರ್ 26ರ ಸುನಾಮಿ ಇದೇ ಕರಾವಳಿಗೆ, ಪೀಪೀಗೆ, ಫುಕೆಟ್‌ಗೆ ಬಡಿದದ್ದು. ದಾರಿಯಲ್ಲೆಲ್ಲ ಎತ್ತರದ ಜಾಗಕ್ಕೆ ಬಾಣ ತೋರಿಸುವ ಫಲಕಗಳು ಉಂಟು. ಮೊದಲ ದಿನವೇ ರೂಮಿನಿಂದ ಆ ದಾರಿ ನೋಡಿಕೊಳ್ಳಿ. ದಿನದ ಇಳಿತ ಗಂಟೆಗಟ್ಟಲೆ ನಿಧಾನವಾಗಿ ಆಗುತ್ತದೆ. ನಿಮಿಷಗಳಲ್ಲಿ ಕಡಲು ಹಿಂದೆ ಸರಿದರೆ, ಅಥವಾ ಭೂಮಿ ಜೋರಾಗಿ ಅಲುಗಿದರೆ, ಚಪ್ಪಲಿಗೂ ನಿಲ್ಲದೆ ಮೇಲೆ ಹೋಗಬೇಕು.

ಮಣಿಪಾಲದಿಂದ, ನರ್ಸ್:

ಜೆಲ್ಲಿ ಮೀನು ತಾಗಿದರೆ ಉಜ್ಜಬೇಡಿ, ಸಿಹಿನೀರು ಹಾಕಬೇಡಿ. ಎರಡರಿಂದಲೂ ಚರ್ಮದ ಮೇಲೆ ಉಳಿದ ಕುಟುಕು ಕೋಶಗಳು ಮತ್ತೆ ಸಿಡಿಯುತ್ತವೆ. ಕನಿಷ್ಠ 30 ಸೆಕೆಂಡ್ ವಿನೆಗರ್ ಸುರಿದು, ಆಮೇಲೆ ಎಳೆಗಳನ್ನು ಚಿಮಟದಿಂದ ತೆಗೆಯಿರಿ. ಅಲ್ಲಿಯ ಹಲವು ಕಿನಾರೆಗಳಲ್ಲಿ ಕಂಬಕ್ಕೆ ವಿನೆಗರ್ ಬಾಟಲಿ ಇಟ್ಟಿರುತ್ತಾರೆ. ಪೆಟ್ಟಿಗೆ ಆಕಾರದ ಜೆಲ್ಲಿ ಮೀನಿನ ವಿಷ ಹೃದಯಕ್ಕೆ ಏರುವಂಥದ್ದು. ಉಸಿರು ಕಟ್ಟಿದರೆ, ಎಚ್ಚರ ತಪ್ಪಿದರೆ ಕೂಡಲೇ 1669ಕ್ಕೆ ಕರೆ. ಅಲ್ಲಿಯ ಆಂಬುಲೆನ್ಸ್ ನಂಬರ್ ಅದು. ಪ್ರವಾಸಿ ಪೊಲೀಸ್ 1155.

ತೊರಕೆಯ (ಬಾಲದಲ್ಲಿ ಮುಳ್ಳಿರುವ ಚಪ್ಪಟೆ ಮೀನು) ಮುಳ್ಳಿಗೆ ಮದ್ದು ವಿನೆಗರ್ ಅಲ್ಲ, ಬಿಸಿನೀರು. ಮುಳ್ಳು ಆಳಕ್ಕೆ ಹೋಗಿದ್ದರೆ ಕೀಳಬೇಡಿ. ಕಾಲನ್ನು ತಡೆದುಕೊಳ್ಳುವಷ್ಟು ಬಿಸಿ, ಅಂದರೆ 40ರಿಂದ 45 ಡಿಗ್ರಿ ನೀರಲ್ಲಿ 30ರಿಂದ 90 ನಿಮಿಷ ಇಡಿ, ಮತ್ತೆ ಆಸ್ಪತ್ರೆಗೆ. ನೀರಿನ ಬಿಸಿಯನ್ನು ನೋವಿಲ್ಲದ ಕಾಲಲ್ಲಿ ಮೊದಲು ನೋಡಿ. ನೋವಿರುವ ಕಾಲಿಗೆ ಸುಡುವುದು ಗೊತ್ತಾಗುವುದಿಲ್ಲ. ತೊರಕೆ ತಪ್ಪಿಸಲಿಕ್ಕೆ ಆಳವಿಲ್ಲದ ನೀರಲ್ಲಿ ಕಾಲು ಎತ್ತಿ ಇಡದೆ ಮರಳಲ್ಲಿ ಎಳೆಯುತ್ತಾ ನಡೆಯಿರಿ. ಅದು ತಾನಾಗಿ ಸರಿಯುತ್ತದೆ.

ಹವಳ ಗೀರಿದ ಗಾಯ ಸಣ್ಣದು ಅಂತ ಬಿಡಬೇಡಿ. ಚೂರು ಒಳಗೆ ಉಳಿದರೆ ಕೀವಾಗುತ್ತದೆ. ಕುಡಿಯುವ ನೀರು, ಸೋಪು ಹಾಕಿ ಚೆನ್ನಾಗಿ ಉಜ್ಜಿ ತೊಳೆದು ಬೆಟಾಡಿನ್ ಹಚ್ಚಿ. ಎಲ್ಲರಿಗೂ ರಬ್ಬರ್ ತಳದ ನೀರಿನ ಶೂ ಇದ್ದರೆ ಇದರಲ್ಲಿ ಮುಕ್ಕಾಲು ಪಾಲು ತಪ್ಪುತ್ತದೆ. ಹವಾಯಿ ಚಪ್ಪಲಿ ಕೆಸರಲ್ಲಿ ಕಳಚಿಕೊಳ್ಳುತ್ತದೆ. ಮಂಗ ಕಚ್ಚಿದರೆ ಅಥವಾ ಪರಚಿದರೆ 15 ನಿಮಿಷ ಸೋಪು ನೀರಲ್ಲಿ ತೊಳೆದು ಅದೇ ದಿನ ರೇಬಿಸ್ ಚುಚ್ಚುಮದ್ದಿಗೆ ಹೋಗಬೇಕು.

ದೋಣಿ ವಾಂತಿಯ ಮಾತ್ರೆ ಹೊರಡುವ ಮುಂಚೆಯೇ ತೆಗೆದುಕೊಂಡರೆ ಮಾತ್ರ ಪ್ರಯೋಜನ. ಇಂಥ ಮಾತ್ರೆಗಳು ನಿದ್ದೆ ತರುತ್ತವೆ, ಹಿರಿಯರಿಗೆ ಇನ್ನೂ ಹೆಚ್ಚು. ಬಿಪಿ ಮಾತ್ರೆಯ ಜೊತೆ ಆಗುತ್ತದೋ ಅಂತ ವೈದ್ಯರಲ್ಲಿ ಕೇಳಿ. ಮಾತ್ರೆಗಳು ಮೂಲ ಸ್ಟ್ರಿಪ್‌ನಲ್ಲೇ, ಚೀಟಿಯ ಜೊತೆ, ಕೈಚೀಲದಲ್ಲಿ ಇರಲಿ.

ಉಡುಪಿ ರಥಬೀದಿಯಿಂದ, ಅಡುಗೆಯವರು:

ಅಮ್ಮನವರ ಊಟಕ್ಕೆ ಒಂದು ಪದ ಕಲಿತುಕೊಳ್ಳಿ: ‘ಜೇ’. ಹಳದಿ ಬಟ್ಟೆ ಅಥವಾ ಬೋರ್ಡಿನ ಮೇಲೆ ಕೆಂಪು ಅಕ್ಷರ, ನಮ್ಮ ಕಣ್ಣಿಗೆ 17 ಅಂತ ಬರೆದ ಹಾಗೆ ಕಾಣುತ್ತದೆ. ಜೇ ಅಂಗಡಿಯಲ್ಲಿ ಮೀನು, ಮಾಂಸ, ಮೊಟ್ಟೆ ಇಲ್ಲ, ನೀರುಳ್ಳಿ-ಬೆಳ್ಳುಳ್ಳಿಯೂ ಇಲ್ಲ. ಹಾಲೂ ಇಲ್ಲ, ಹಾಗಾಗಿ ಮಜ್ಜಿಗೆ ಕೇಳಬೇಡಿ. ಬರೀ ‘ವೆಜಿಟೇರಿಯನ್’ ಅಂದರೆ ಬೆಳ್ಳುಳ್ಳಿ ಬರುತ್ತದೆ, ಹಲವು ಸಲ ಮೀನಿನ ಸಾಸೂ ಬರುತ್ತದೆ. ‘ಮಾಯ್ ಸಾಯ್ ನಾಮ್ ಪ್ಲಾ’ ಅಂದರೆ ಮೀನಿನ ಸಾಸ್ ಹಾಕಬೇಡಿ. ಪಪ್ಪಾಯಿ ಕೋಸಂಬರಿ ನೋಡಲಿಕ್ಕೆ ನಮ್ಮದರ ಹಾಗೇ ಉಂಟು, ಆದರೆ ಒಣ ಸಿಗಡಿ ಬೀಳುತ್ತದೆ. ಕೆಂಪು, ಹಸಿರು ಕರ್ರಿಯ ಮಸಾಲೆಯಲ್ಲಿ ಸಾಧಾರಣವಾಗಿ ಸಿಗಡಿ ಅರೆದು ಹಾಕಿರುತ್ತಾರೆ. ಮೇಲಿನಿಂದ ತರಕಾರಿ ಇದ್ದರೂ ಪ್ರಯೋಜನ ಇಲ್ಲ. ಮಾವಿನಹಣ್ಣು, ಅಂಟಕ್ಕಿ ಅನ್ನ, ಕಾಯಿಹಾಲು ಸೇರಿದ ಸಿಹಿ ಮಾತ್ರ ಧೈರ್ಯವಾಗಿ ತಿನ್ನಬಹುದು. ಆವೊ ನಾಂಗ್‌ನಲ್ಲಿ ಭಾರತೀಯ ಹೋಟೆಲುಗಳು ಬೇಕಾದಷ್ಟು, ಆದರೆ ಅಲ್ಲಿಯ ಗ್ರೇವಿ ಮೊದಲೇ ನೀರುಳ್ಳಿ ಹಾಕಿ ಮಾಡಿಟ್ಟದ್ದು.

ಕುಚ್ಚಲಕ್ಕಿ ಕೊಂಡುಹೋಗಬೇಡಿ. ಬೇಯಲಿಕ್ಕೆ ಗಂಟೆ ಬೇಕು, ರೂಮಿನಲ್ಲಿ ಕುಕ್ಕರ್ ಇಡಲಿಕ್ಕೆ ಬಿಡುವುದಿಲ್ಲ, ಹಬೆಗೆ ಹೊಗೆಯ ಅಲಾರಂ ಹೊಡೆದುಕೊಂಡೀತು. ಒಬ್ಬರಿಗೆ ಹೊತ್ತಿಗೆ 50 ಗ್ರಾಂ ತೆಳು ಅವಲಕ್ಕಿ ಲೆಕ್ಕ ಹಾಕಿ. ಅಮ್ಮನವರಿಗೆ ದಿನಕ್ಕೆ ಎರಡು ಹೊತ್ತು, ಆರು ದಿನ: 600 ಗ್ರಾಂ. ಜೊತೆಗೆ ಗೊಜ್ಜಿನ ಪುಡಿ, ಚಟ್ನಿಪುಡಿ, ಹುರಿದು ಒಗ್ಗರಣೆ ಹಾಕಿ ಒಣಗಿಸಿದ ರವೆ. ರವೆಗೆ ಎರಡೂವರೆ ಪಾಲು ಕುದಿವ ನೀರು ಹಾಕಿ, ಸ್ಟೀಲ್ ಡಬ್ಬದ ಮುಚ್ಚಳ ಹಾಕಿ 10 ನಿಮಿಷ ಇಟ್ಟರೆ ಉಪ್ಪಿಟ್ಟು ಆಗುತ್ತದೆ. ಕೆಟಲಿನ ಒಳಗೆ ನೀರು ಬಿಟ್ಟು ಬೇರೇನೂ ಹಾಕಬಾರದು.

ಬಜ್ಪೆಯಿಂದ:

ಒಣಕೊಬ್ಬರಿ ವಿಮಾನಕ್ಕೆ ಬಿಡುವುದಿಲ್ಲ. ಎಣ್ಣೆಯಂಶದಿಂದ ಬೆಂಕಿ ಹತ್ತಬಹುದು ಅಂತ 2022ರಿಂದ ನಿಷೇಧಿತ ಪಟ್ಟಿಯಲ್ಲಿ ಉಂಟು. ಉಪ್ಪಿನಕಾಯಿ, ತುಪ್ಪ, ತೆಂಗಿನೆಣ್ಣೆ ಚೆಕ್-ಇನ್ ಚೀಲಕ್ಕೆ. ಕೈಚೀಲದಲ್ಲಿ ದ್ರವ 100 ಮಿಲಿ ಮೀರಬಾರದು. ಪವರ್ ಬ್ಯಾಂಕ್ ಮಾತ್ರ ತಿರುಗಾ, ಕೈಚೀಲದಲ್ಲೇ ಇರಬೇಕು. ಮಿತಿ 100 ವ್ಯಾಟ್-ಅವರ್. 20,000 ಎಂಎಎಚ್‌ನದ್ದು 74 ಆಗುತ್ತದೆ, ತೊಂದರೆ ಇಲ್ಲ. ನಮ್ಮ ಎರಡು ದುಂಡು ಕಡ್ಡಿಯ ಚಾರ್ಜರ್ ಅಲ್ಲಿ ಹಿಡಿಯುತ್ತದೆ, ಮೂರು ಕಡ್ಡಿಯದ್ದಕ್ಕೆ ಅಡಾಪ್ಟರ್ ಬೇಕು.

ಬೆಂಗಳೂರಿನಲ್ಲಿ ವಿದೇಶದ ವಿಮಾನ ಹೊರಡುವುದು ಟರ್ಮಿನಲ್ 2ರಿಂದ. ಮಂಗಳೂರಿನ ವಿಮಾನ ಟರ್ಮಿನಲ್ 1ರಲ್ಲಿ ಇಳಿಸಿದರೆ, ಟಿಕೆಟ್ ಬೇರೆ ಬೇರೆ ಇದ್ದರೆ, ಚೀಲ ತೆಗೆದುಕೊಂಡು ಶಟಲ್ ಬಸ್ಸಿನಲ್ಲಿ ಹೋಗಬೇಕು. ಹಿರಿಯರ ಜೊತೆ ಐದು ಗಂಟೆ ಅಂತರ ಇಟ್ಟುಕೊಳ್ಳಿ. ಥಾಯ್ಲೆಂಡ್ 2025ರ ಮೇ 1ರಿಂದ ಡಿಜಿಟಲ್ ಆಗಮನ ಕಾರ್ಡ್ ಕಡ್ಡಾಯ ಮಾಡಿದೆ. ತಲುಪುವ ಮೊದಲಿನ ಮೂರು ದಿನದೊಳಗೆ ಆನ್‌ಲೈನ್ ತುಂಬಬೇಕು, ಆರು ಜನರದ್ದನ್ನೂ ಒಬ್ಬರೇ ತುಂಬಬಹುದು. ಅದಕ್ಕೆ ಶುಲ್ಕ ಇಲ್ಲ. ಹಣ ಕೇಳುವ ತಾಣ ಇಮಿಗ್ರೇಶನ್‌ನದ್ದು ಅಲ್ಲ. ವೀಸಾ ನಿಯಮ ಮಾತ್ರ ಟಿಕೆಟ್ ಮಾಡುವ ದಿನ ಮತ್ತೊಮ್ಮೆ ನೋಡಿ.

ಕೇಳಿದವರು:

ಬಟ್ಟೆ, ಬಿಸಿಲಿನ ಕ್ರೀಮು? ಅಮ್ಮ ಸೀರೆಯಲ್ಲೇ ನೀರಿಗೆ ಇಳಿಯುತ್ತೇನೆ ಅಂತಾರೆ.

ಲೇಡಿಹಿಲ್‌ನಿಂದ:

ಸೀರೆ ಉಟ್ಟು ದಡದಲ್ಲಿ ಕಾಲು ನೆನೆಸಬಹುದು, ದೋಣಿಯ ಏಣಿ ಹತ್ತಬಾರದು. ನೆನೆದ ನೆರಿಗೆ ಕಾಲಿಗೆ ಸುತ್ತಿಕೊಳ್ಳುತ್ತದೆ, ಹತ್ತಿಬಟ್ಟೆ ನೀರು ಕುಡಿದು ಭಾರವಾಗುತ್ತದೆ. ಪಾಲಿಯೆಸ್ಟರ್ ಲೆಗ್ಗಿಂಗ್, ಮೊಣಕಾಲು ತನಕದ ಉದ್ದ ತೋಳಿನ ಈಜುಡುಗೆ ಹೊಲಿಸಿದ್ದು ಸಿಗುತ್ತದೆ. ದುಪಟ್ಟಾ ರೂಮಿನಲ್ಲೇ ಇರಲಿ.

ಎಲ್ಲರೂ ಉದ್ದ ತೋಳಿನದ್ದು ಹಾಕಿದರೆ ಕ್ರೀಮು ಮುಖ, ಕಿವಿ, ಕುತ್ತಿಗೆ, ಕೈ, ಪಾದಕ್ಕೆ ಸಾಕು. ಒಬ್ಬರಿಗೆ ಸಲಕ್ಕೆ ಒಂದು ಟೀ ಚಮಚ, ಎರಡು ಗಂಟೆಗೊಮ್ಮೆ, ದಿನಕ್ಕೆ ಮೂರು ಸಲ. ಆರು ಜನಕ್ಕೆ ಐದು ದಿನಕ್ಕೆ 450 ಮಿಲಿ. ಮೈಯೆಲ್ಲ ತೆರೆದಿದ್ದರೆ ಒಬ್ಬರಿಗೆ ಸಲಕ್ಕೇ 30 ಮಿಲಿ ಬೇಕು. ಕೊಳ್ಳುವಾಗ ಹಿಂದಿನ ಸಣ್ಣ ಅಕ್ಷರ ಓದಿ. ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್, 4-ಮೀಥೈಲ್‌ಬೆಂಜಿಲಿಡಿನ್ ಕ್ಯಾಂಫರ್, ಬ್ಯುಟೈಲ್‌ಪ್ಯಾರಾಬೆನ್ ಇರುವ ಕ್ರೀಮು ಅಲ್ಲಿಯ ಕಡಲಿನ ರಾಷ್ಟ್ರೀಯ ಉದ್ಯಾನಗಳಲ್ಲಿ 2021ರಿಂದ ನಿಷಿದ್ಧ, ಹವಳ ಸಾಯುತ್ತದೆ ಅಂತ. ಜಿಂಕ್ ಆಕ್ಸೈಡ್ ಇರುವುದನ್ನು ಆರಿಸಿ.

ಕಾಪುವಿನಿಂದ, ಪ್ರಾಥಮಿಕ ಶಾಲೆ ಶಿಕ್ಷಕಿ:

ಮಕ್ಕಳಿಗೆ ದಿನವೂ ದೋಣಿ ಬೇಡ. ಇಳಿತದ ಹೊತ್ತಿಗೆ ನೊಪ್ಪರತ್ ತಾರಾ ಕಿನಾರೆಗೆ ಕರೆದುಕೊಂಡು ಹೋಗಿ. ನೀರು ಹಿಂದೆ ಸರಿದಾಗ ಮರಳಲ್ಲಿ ಗುಂಡಿಗುಂಡಿಯಾಗಿ ನೀರು ಉಳಿಯುತ್ತದೆ, ಏಡಿ, ಶಂಖದೊಳಗಿನ ಜೀವಿ, ಸಣ್ಣ ಮೀನು ಬೇಕಾದಷ್ಟು ಕಾಣುತ್ತದೆ. ಒಂದು ಪಾರದರ್ಶಕ ಡಬ್ಬ ಕೊಂಡುಹೋದರೆ ನೀರಿನ ಸಮೇತ ಹಿಡಿದು ನೋಡಿ ಅಲ್ಲೇ ಬಿಡಬಹುದು. ಚಿಪ್ಪು, ಹವಳದ ಚೂರು ಚೀಲಕ್ಕೆ ಹಾಕಬಾರದು. ಉದ್ಯಾನದಿಂದ ಹೊರಗೆ ತರುವುದು ಅಪರಾಧ, ಮೀನಿಗೆ ಬ್ರೆಡ್ ಹಾಕುವುದೂ ಹಾಗೆಯೇ.

ಮರಳಿನ ಮನೆಗೆ ಎಂಟು ಪಾಲು ಮರಳಿಗೆ ಒಂದು ಪಾಲು ನೀರು. ಗುಂಡಿ ತೋಡುವುದಾದರೆ ಚಿಕ್ಕವಳ ಮೊಣಕಾಲಿಗಿಂತ ಆಳ ಬೇಡ, ಬದಿ ಕುಸಿದರೆ ಮರಳಿನ ಭಾರ ಎತ್ತಲಿಕ್ಕೆ ಆಗುವುದಿಲ್ಲ. ಕೈಗೆ ಪಟ್ಟಿ ಕಟ್ಟಿ ನಿಮ್ಮ ಫೋನ್ ನಂಬರ್ ದೇಶದ ಕೋಡ್ ಸಮೇತ ಬರೆಯಿರಿ. ಅಮಾವಾಸ್ಯೆ ಹತ್ತಿರ ಇದ್ದರೆ ರಾತ್ರಿ ದೀಪವಿಲ್ಲದ ಕಡೆ ನೀರು ಕಲಕಿ ನೋಡಿ. ಕಡಲು ನೀಲಿಯಾಗಿ ಮಿನುಗುವುದು ಅಲ್ಲಿಯೂ ಉಂಟು. ಹುಣ್ಣಿಮೆ ಬೆಳಕಲ್ಲಿ ಮಾತ್ರ ಕಾಣುವುದಿಲ್ಲ.

ಬಿಜೈಯಿಂದ:

ಜೆಟ್‌ಸ್ಕಿ, ಸ್ಕೂಟರ್ ಬಾಡಿಗೆಗೆ ಪಾಸ್‌ಪೋರ್ಟ್ ಒತ್ತೆ ಇಡಬೇಡಿ. ಜೆಟ್‌ಸ್ಕಿ ತೆಗೆದುಕೊಳ್ಳುವುದಾದರೆ ಮುಟ್ಟುವ ಮೊದಲು ಸುತ್ತಲೂ, ಅಡಿಯೂ ವೀಡಿಯೊ ಮಾಡಿ. ಹಳೆಯ ಗೀರಿಗೆ ಹೊಸ ಬಿಲ್ ಬರುವುದು ಉಂಟು. ಸ್ಕೂಟರಿಗೆ ಅಂತರರಾಷ್ಟ್ರೀಯ ಪರವಾನಗಿ ಬೇಕು, ಆರ್‌ಟಿಒದಲ್ಲಿ 1,000 ರೂಪಾಯಿ, ಒಂದು ವರ್ಷ ಚಾಲ್ತಿ. ನಿಮ್ಮ ಲೈಸೆನ್ಸಿನಲ್ಲಿ ಕಾರು ಮಾತ್ರ ಇದ್ದರೆ ಅದರಲ್ಲೂ ಕಾರು ಮಾತ್ರ ಬರುತ್ತದೆ, ಆಗ ಸ್ಕೂಟರ್ ಬಿದ್ದರೆ ವಿಮೆ ಸಿಗುವುದಿಲ್ಲ. ಎಟಿಎಂ ಒಂದೊಂದು ಸಲಕ್ಕೂ ಸುಮಾರು 220 ಬಾತ್ ಹಿಡಿಯುತ್ತದೆ, ಹಾಗಾಗಿ ಒಮ್ಮೆಗೇ ತೆಗೆಯಿರಿ. ಯಂತ್ರ ರೂಪಾಯಿಯಲ್ಲಿ ಲೆಕ್ಕ ಹಾಕಲೇ ಅಂತ ಕೇಳಿದರೆ ಬೇಡ ಅನ್ನಿ, ಬಾತ್‌ನಲ್ಲೇ ಇರಲಿ.

ಮಲ್ಪೆಯಿಂದ:

ಫೋನಿನ ಜಲನಿರೋಧಕ ಚೀಲ ಕೊಂಡರೆ ಒಳಗೆ ಟಿಶ್ಯೂ ಪೇಪರ್ ಇಟ್ಟು, ಮುಚ್ಚಿ, ಬಕೆಟಿನಲ್ಲಿ ಕಲ್ಲು ಹೇರಿ ಅರ್ಧ ಗಂಟೆ ಮುಳುಗಿಸಿ ನೋಡಿ. ಪೇಪರ್ ಒಣಗಿದ್ದರೆ ಮಾತ್ರ ಫೋನ್ ಹಾಕಿ. ಉಳಿದ ಸಾಮಾನಿಗೆ 10 ಲೀಟರಿನ ಡ್ರೈ ಬ್ಯಾಗ್ ಒಂದು ಸಾಕು. ಬಾಯಿ ಕನಿಷ್ಠ ಮೂರು ಸುತ್ತು ಮಡಚಿ ಕೊಕ್ಕೆ ಹಾಕಬೇಕು. ಅಮ್ಮನವರು ಏಣಿ ಹತ್ತುವಾಗ ಒಬ್ಬರು ಮೇಲಿನಿಂದ ಕೈ ಎಳೆಯಬೇಡಿ, ದೋಣಿ ಅಲುಗಿದರೆ ಭುಜ ಉಳುಕುತ್ತದೆ. ಅವರೇ ಎರಡೂ ಕೈಯಲ್ಲಿ ಏಣಿ ಹಿಡಿಯಲಿ, ನೀವು ನೀರಲ್ಲಿ ಹಿಂದೆ ನಿಂತು ಸೊಂಟಕ್ಕೆ ಆಸರೆ ಕೊಡಿ. ತೆರೆ ದೋಣಿಯನ್ನು ಎತ್ತಿ ಇಳಿಸಿದ ಕ್ಷಣ, ಅಂದರೆ ಏಣಿಯ ಕೆಳಮೆಟ್ಟಿಲು ನೀರಲ್ಲಿ ಮುಳುಗಿದಾಗ, ಕಾಲಿಡಲಿಕ್ಕೆ ಹೇಳಿ.